ಎರಡು ಮದ್ದು, ಮೂರು ಭಾಷಣ

ಬರೆದು ಅಭ್ಯಾಸವಿಲ್ಲ, ಹಿಂದುಮುಂದಾದರೆ ಕ್ಷಮಿಸಬೇಕು. ವಿವರಿಸಲು ಹೊರಟಾಗಲೆಲ್ಲ ನನಗೆ ಹೀಗೆಯೇ ಆಗುತ್ತದೆ. ಅರುವತ್ತರ ದಶಕದಲ್ಲಿ ನಾನು ಮೂಡಬಿದ್ರೆಯ ಒಂದು ಶಾಲೆಯಲ್ಲಿ ತಾತ್ಕಾಲಿಕ ವಿಜ್ಞಾನ ಮಾಸ್ಟ್ರು. "ಮೂರು ಊರಲ್ಲಿ ಭಾಷಣ ಮಾಡಿ. ಕೊನೆಯದಕ್ಕೆ ನಾನೇ ಬರ್ತೇನೆ. ಕೆಲಸ ಖಾಯಂ ಮಾಡುವುದೋ ಬೇಡವೋ ಆಮೇಲೆ ನೋಡುವ" ಎಂದರು ಶಾಲೆಯ ಸಂಚಾಲಕರು.

ಪತ್ರಿಕೆಯಲ್ಲಿ ಓದಿದ ಹೊಸ ವಿಷಯ ಆರಿಸಿದೆ: ಮನಸ್ಸಿನ ಸಂಶೋಧನೆಗೆ ಬಳಸುವ ಎರಡು ಮದ್ದುಗಳ ಹೋಲಿಕೆ. ಸೈಲೊಸಿಬಿನ್ ಒಂದು ಜಾತಿಯ ಅಣಬೆಯಲ್ಲಿರುವುದು, ಎಲ್ಎಸ್‌ಡಿ ಪ್ರಯೋಗಶಾಲೆಯಲ್ಲಿ ಮಾಡುವುದು. ಎರಡರಿಂದಲೂ ಇಲ್ಲದ ಬಣ್ಣ ಕಾಣುತ್ತದೆ. ಅಂದರೆ ಬಣ್ಣ ಇರುವುದಿಲ್ಲ, ಆದರೆ ಕಾಣುತ್ತದೆ.

ಬಂಟ್ವಾಳ

ಒಬ್ಬ ವ್ಯಾಪಾರಿ ಎದ್ದರು. "ಮಾಸ್ಟ್ರೇ, ಪ್ರತಿ ಮಳೆಗಾಲ ಅಣಬೆ ಗಸಿ ತಿಂತೇನೆ. ಒಂದು ಬಣ್ಣವೂ ಕಾಣ್ಲಿಲ್ಲವಲ್ಲ?"

"ಅದು ಬೇರೆ ಜಾತಿ" ಎಂದು ಅರ್ಧ ಗಂಟೆ ವಿವರಿಸಿದೆ.

ಅವರು ಪಕ್ಕದವರಿಗೆ ಹೇಳಿದರು: "ನಮ್ಮ ಮನೆಯಲ್ಲಿ ಗಸಿಗೆ ತೆಂಗಿನಕಾಯಿ ಕಡಿಮೆ ಹಾಕುವುದು. ಅದೇ ಕಾರಣ."

ಬೆಳ್ತಂಗಡಿ

ಇಲ್ಲಿ ಅಣಬೆಗೆ ಹೆದರಿ ಸಮಯದ ವ್ಯತ್ಯಾಸ ಹಿಡಿದೆ. ಸೈಲೊಸಿಬಿನ್ನಿನ ಪರಿಣಾಮ ಐದಾರು ಗಂಟೆ, ಎಲ್ಎಸ್‌ಡಿಯದು ಹತ್ತು ಗಂಟೆಯಾದರೂ ಉಂಟು.

"ಹಾಗಾದರೆ ಒಂದು ತಾಳಮದ್ದಳೆ, ಇನ್ನೊಂದು ಬೆಳಗಿನವರೆಗಿನ ಆಟ" ಎಂದರು ಯಕ್ಷಗಾನದ ಹುಚ್ಚಿನ ಅಜ್ಜ. "ಟಿಕೇಟು ಉಂಟಾ?"

"ಇಲ್ಲ, ಒಪ್ಪಿ ಬಂದವರಿಗೆ ಡಾಕ್ಟರರೇ ಕೊಡುವುದು."

"ಹಾಗಾದರೆ ಪುಕ್ಕಟೆ ಬಯಲಾಟ!" ಎಂದರು ಅಜ್ಜ. "ಚೆಂಡೆ ಯಾರದ್ದು?"

ಮೂಡಬಿದ್ರೆ

ಮುಂದಿನ ಸಾಲಿನಲ್ಲಿ ಸಂಚಾಲಕರು. ಅವರು ಜೈನರು, ಅಣಬೆ ಮುಟ್ಟದವರು. ಅದು ನೆನಪಾದದ್ದು ವೇದಿಕೆ ಹತ್ತಿದ ಮೇಲೆ! ಅಣಬೆಯ ಸುದ್ದಿ ಬಿಟ್ಟು ಎಲ್ಎಸ್‌ಡಿಯನ್ನೇ ಹೊಗಳಿದೆ.

"ಅದರ ಮೂಲ ಏನು?" ಕೇಳಿದರು.

"ಧಾನ್ಯದ ತೆನೆ, ಧನಿಗಳೇ."

"ಹಾಗಾದರೆ ಶುದ್ಧ."

ಅಲ್ಲಿಗೆ ನಿಲ್ಲಿಸಬಹುದಿತ್ತು. ವಿವರಿಸಿದೆ. "ತೆನೆ ಅಂದರೆ ತೆನೆಯಲ್ಲ, ತೆನೆಗೆ ಹಿಡಿಯುವ ಬೂಷ್ಟು. ಬೂಷ್ಟು ಅಂದರೆ ಅಣಬೆಯ ದಾಯಾದಿ."

ನನ್ನ ಕೆಲಸ ಹೋಯಿತು ಎಂದುಕೊಂಡೆ.

"ಅಂದರೆ ಎರಡೂ ತಿನ್ನುವ ಹಾಗಿಲ್ಲ?"

"ಇಲ್ಲ."

ಅವರು ಎದ್ದು ಸಭೆಗೆ ಹೇಳಿದರು: "ಪರದೇಶದ ವಿಜ್ಞಾನಿಗಳು ತೂಗಿ ಅಳೆದು ಇನ್ನೂ ತೀರ್ಮಾನಕ್ಕೆ ಬರ್ಲಿಲ್ಲ. ನಮ್ಮ ಮಾಸ್ಟ್ರು ಒಂದೇ ಗಂಟೆಯಲ್ಲಿ ಬಂದರು. ಎರಡೂ ಬೇಡ! ಇವರನ್ನು ಖಾಯಂ ಮಾಡುವ."

ಹೀಗೆ ನಾನು ಅಣಬೆ ಪಂಡಿತನಾದೆ. ಆದರೆ ನಾನು ಹೇಳಿದ್ದು ಅದಲ್ಲ. ಬೂಷ್ಟು ಬೇರೆ, ಅಣಬೆ ಬೇರೆ, ಆದರೂ ಒಂದೇ, ಹೇಗೆಂದರೆ... ಇರಿ, ಅಡಿಗೆಮನೆಯಿಂದ ಹೆಂಡತಿ ಕರೆಯುತ್ತಿದ್ದಾಳೆ:

"ಬನ್ನಿ ಮಾರಾಯ್ರೆ! ಗುಡ್ಡೆಯಿಂದ ಅಣಬೆ ಬಂದಿದೆ. ತಿನ್ನುವುದೋ ಅಲ್ಲವೋ ಅಂತ ಪಕ್ಕದ ಮನೆ ಅಜ್ಜಿಯನ್ನು ಕೇಳಿ ಬನ್ನಿ!"