ಮೂರು ಪಿನ್ನಿನ ದಾವಣಿ

ಈ ಮೊದಲನೇ ಸಾಲು ಬರೆಯಲು ಕೂತದ್ದು ಇದು ನಾಲ್ಕನೇ ಸಲ. ಮೊದಲ ಸಲ ಹಾಲು ಉಕ್ಕಿತು. ಎರಡನೇ ಸಲ ಒಣಹಾಕಿದ ರಾಗಿಗೆ ಕೋಳಿ ನುಗ್ಗಿತು. ಮೂರನೇ ಸಲ ಮಗಳು ಬಂದು ನಿಂತಳು. ಅವಳು ಒಂದನೇ ತರಗತಿ.

"ಅವ್ವ, ಕೆಂಪು ರಿಬ್ಬನ್ ಕಟ್ಕಬಾರ್ದಂತೆ. ಕಪ್ಪೇ ಕಟ್ಕಬೇಕಂತೆ."

"ಯಾಕವ್ವ?"

"ಗಂಡೈಕಳು ಎಳೀತಾರಂತೆ."

"ಕಪ್ಪು ರಿಬ್ಬನ್ ಎಳಿಯಲ್ವ?"

"ಅದ್ನೂವೆ ಎಳೀತಾರೆ. ಆದ್ರೆ ಕಪ್ಪಾದ್ರೆ ಕೊಳೆ ಕಾಣಲ್ಲ."

ಪೆನ್ನು ಕೆಳಗಿಟ್ಟು, ಎರಡು ಜಡೆ ಬಿಚ್ಚಿ, ಕಪ್ಪು ರಿಬ್ಬನ್ ಕಟ್ಟಿ, ಅವಳನ್ನು ಕಳಿಸಿ ಬಂದು ಕೂತಿದ್ದೇನೆ.

ಮಾತು ಕನ್ನಡವಾದರೂ ತಮಿಳು ರಾಜ್ಯಕ್ಕೆ ಸೇರಿದ ನಮ್ಮ ತಾಳವಾಡಿ ಕಡೆ ಇದೇನೂ ಹೊಸದಲ್ಲ. ಎಲ್ಲೋ ಒಬ್ಬ ಹುಡುಗ ಶಿಳ್ಳೆ ಹಾಕಿದರೆ ಇಲ್ಲೊಬ್ಬ ಹುಡುಗಿಯ ಲಂಗ ಒಂದು ಗೇಣು ಉದ್ದವಾಗುತ್ತದೆ. ಹೋದ ತಿಂಗಳು ನನ್ನ ನಾದಿನಿಯ ಸರದಿ ಬಂತು. ಅವಳು ಒಂಬತ್ತನೇ ತರಗತಿ. ಶಾಲೆಯ ಗೋಡೆಯ ಮೇಲೆ ಯಾವನೋ ಇದ್ದಿಲಿನಲ್ಲಿ ಅವಳ ಹೆಸರು ಬರೆದ. ಬರೆದವನು ಯಾರೆಂದು ಯಾರೂ ಹುಡುಕಲಿಲ್ಲ. ಹೆಸರು ಯಾರದೆಂದು ಮಾತ್ರ ಊರಿಗೆಲ್ಲ ಗೊತ್ತಾಯಿತು. ಅವತ್ತೇ ನಮ್ಮ ಮಾವ ಅವಳ ಪುಸ್ತಕದ ಚೀಲವನ್ನು ಅಟ್ಟದ ಮೇಲಕ್ಕೆ ಎಸೆದು, ಏಣಿಯನ್ನು ಕೊಟ್ಟಿಗೆಗೆ ಸಾಗಿಸಿದರು. "ಓದಿದ್ದು ಸಾಕು" ಅಂದರು. ನಾದಿನಿ ಅಟ್ಟ ನೋಡಿಕೊಂಡು ರೊಟ್ಟಿ ತಟ್ಟುತ್ತಿದ್ದಳು, ರೊಟ್ಟಿಗೆಲ್ಲ ಉಪ್ಪು ಜಾಸ್ತಿ.

ಆ ಚೀಲ ಕೆಳಗೆ ಬಂತೋ ಇಲ್ಲವೋ ಕೊನೆಯಲ್ಲಿ ಹೇಳುತ್ತೇನೆ. ಅದಕ್ಕೆ ಮುಂಚೆ, ಅದೇ ಶಾಲೆಯಲ್ಲಿ, ಅದೇ ಹೆಡ್‌ಮೇಷ್ಟ್ರ ಕೈಕೆಳಗೆ ನಾನು ಓದಿದಾಗಿನ ಕೆಲವು ಸಂಗತಿ ಹೇಳದಿದ್ದರೆ ನನ್ನ ಹೊಟ್ಟೆಯುರಿ ಆರುವುದಿಲ್ಲ.

ಲೆಕ್ಕದಲ್ಲಿ ಫೇಲು

ನಾನು ಒಂಬತ್ತನೇ ತರಗತಿಗೆ ಬಂದ ವರ್ಷ, ಕಾಲು ವರ್ಷದ ಪರೀಕ್ಷೆಯಲ್ಲಿ ಹತ್ತನೇ ತರಗತಿಯ ಹುಡುಗರೆಲ್ಲ ಲೆಕ್ಕದಲ್ಲಿ ಒಟ್ಟಿಗೆ ಫೇಲಾದರು. ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಹೆಡ್‌ಮೇಷ್ಟ್ರು ಕನ್ನಡಕ ಒರೆಸಿಕೊಂಡು ಕಾರಣ ಹೇಳಿದರು.

"ಹುಡುಗರ ಗಮನ ಬೋರ್ಡಿನ ಮೇಲಿಲ್ಲ. ಅದಕ್ಕೇ ನಾಳೆಯಿಂದ ದೊಡ್ಡ ಹುಡುಗಿಯರೆಲ್ಲ ದಾವಣಿ ಹಾಕಿಕೊಂಡು ಬರಬೇಕು."

ನಮ್ಮ ಮನೆಯಲ್ಲಿ ಅವ್ವನ ಹಳೇ ಸೀರೆಯನ್ನು ಹರಿದು ಎರಡು ದಾವಣಿ ಮಾಡಿದರು. ದೊಡ್ಡಗಾಜನೂರಿಂದ ಬರುತ್ತಿದ್ದ ಹುಡುಗಿಗೆ ಇದ್ದದ್ದು ಒಂದೇ. ಮಳೆಗಾಲದಲ್ಲಿ ಅದು ಒಣಗದ ದಿನ ಅವಳು ಶಾಲೆಗೆ ಬರುತ್ತಿರಲಿಲ್ಲ. ಹುಡುಗರ ಗಮನ ಬೋರ್ಡಿನ ಮೇಲೆ ನಿಲ್ಲಲಿ ಎಂದು ಅವಳು ಮನೆಯಲ್ಲಿ ಕೂತು ಬಟ್ಟೆ ಒಣಗುವುದನ್ನು ಕಾಯುತ್ತಿದ್ದಳು.

ಅರ್ಧ ವರ್ಷದ ಪರೀಕ್ಷೆ ಬಂತು. ಹುಡುಗರು ಮತ್ತೆ ಫೇಲು. ಈಗ ತಪ್ಪು ಬಣ್ಣದ್ದಾಯಿತು. "ಬಣ್ಣಬಣ್ಣದ ದಾವಣಿ ಬೇಡ, ಎಲ್ಲರೂ ಬಿಳಿಯದೇ ಹಾಕಿ" ಅಂದರು. ಕೆಂಪು ಮಣ್ಣಿನ ಊರಿನಲ್ಲಿ ಬಿಳಿ ದಾವಣಿ. ಒಗೆದು ಒಗೆದು ನಮ್ಮ ಕೈ ಬಿಳಿಯಾಯಿತು, ದಾವಣಿ ಆಗಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಹುಡುಗರು ಪಾಸಾದರು. ಬಿಳಿ ದಾವಣಿಯ ಮಹಿಮೆ ಅಂದುಕೊಳ್ಳಬೇಡಿ. ಜೂನ್ ತಿಂಗಳಲ್ಲಿ ರಜೆ ಹಾಕಿ ಘಾಟಿ ಇಳಿದುಹೋದ ಲೆಕ್ಕದ ಮೇಷ್ಟ್ರು ಮತ್ತೆ ಮೇಲಕ್ಕೆ ಹತ್ತಿರಲೇ ಇಲ್ಲ. ಏಳು ತಿಂಗಳು ಲೆಕ್ಕದ ಪಾಠವೇ ಇರಲಿಲ್ಲ. ಸಂಕ್ರಾಂತಿಗೆ ಹೊಸಬರು ಬಂದರು.

ಅಂದಹಾಗೆ ಆ ಎರಡು ಪರೀಕ್ಷೆಯಲ್ಲಿ ಹುಡುಗಿಯರೂ ಫೇಲಾಗಿದ್ದೆವು. ಯಾರ ಪ್ಯಾಂಟು ನೋಡಿಕೊಂಡು ಫೇಲಾದಿರಿ ಎಂದು ನಮ್ಮನ್ನು ಯಾರೂ ಕೇಳಲಿಲ್ಲ.

ಇಪ್ಪತ್ತೇಳು ಪಿನ್ನು

ಬೆಟ್ಟದ ಮೇಲಿನ ಊರು ನಮ್ಮದು. ಇಲ್ಲಿನ ಗಾಳಿಗೆ ಹೆಂಚು ಹಾರುತ್ತದೆ, ದಾವಣಿ ನಿಲ್ಲುತ್ತದೆಯೇ? ದಾವಣಿ ಹಾರಿದ್ದಕ್ಕೆ ಗಾಳಿಯನ್ನು ಬೈಯಲಾಗದೆ ನಮ್ಮನ್ನು ಬೈದರು. ಒಬ್ಬೊಬ್ಬಳೂ ದಾವಣಿಗೆ ಮೂರು ಪಿನ್ನು ಹಾಕಬೇಕು, ಒಂದು ಬಿಚ್ಚಿದ್ದರೂ ಕ್ಲಾಸಿನಿಂದ ಆಚೆಗೆ ಎಂದು ನಿಯಮವಾಯಿತು. ದಾವಣಿಯವರು ಒಂಬತ್ತು ಜನ ಇದ್ದೆವು. ಒಂಬತ್ಮೂರ್ಲೆ ಇಪ್ಪತ್ತೇಳು ಪಿನ್ನು. ಲೆಕ್ಕದ ಮೇಷ್ಟ್ರಿಲ್ಲದಿದ್ದರೂ ಇಷ್ಟು ನಮಗೆ ಬರುತ್ತಿತ್ತು.

ನಾವು ಊಟಕ್ಕೆ ಕೂರುವ ಜಾಗಕ್ಕೆ ಅಡ್ಡವಾಗಿ ಬಿದಿರಿನ ತಟ್ಟಿ ಕಟ್ಟಿದ್ದರು. ಒಂದು ದಿನ ಮಧ್ಯಾಹ್ನ ಒಬ್ಬ ಹುಡುಗ ಆ ತಟ್ಟಿ ಹತ್ತಿ ಇಣುಕಿದ. ತಟ್ಟಿಯ ಮೊನೆಗೆ ಅವನ ಪ್ಯಾಂಟು ಸಿಕ್ಕಿ, ಮೇಲಿಂದ ಕೆಳಗಿನವರೆಗೆ ಹರಿಯಿತು. ಪಾಪ, ಗೋಡೆಗೆ ಬೆನ್ನು ಒತ್ತಿಕೊಂಡು ನಿಂತವನು ಅಲ್ಲಾಡಲಿಲ್ಲ. ಸ್ವಲ್ಪ ಹೊತ್ತಿಗೆ ಹೆಡ್‌ಮೇಷ್ಟ್ರೇ ನಮ್ಮ ಹತ್ತಿರ ಬಂದರು.

"ಒಂದು ನಾಲ್ಕು ಪಿನ್ನು ಕೊಡ್ರಮ್ಮ."

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ದೊಡ್ಡಗಾಜನೂರಿನವಳು ಎದ್ದು ನಿಂತಳು. "ಪಿನ್ನು ಬಿಚ್ಚುದ್ರೆ ಕ್ಲಾಸಿಂದ ಆಚೆಗೆ ಅಂತ ನೀವೇ ಯೋಳಿದ್ದೀರಿ ಸಾರ್. ನಿಯಮ ತಪ್ಪತದೆ."

"ಅಯ್ಯೋ, ಅವನು ಮನೆಗೆ ಹೆಂಗೆ ಹೋಗೋದು?"

"ಅವ್ನು ಅಂಗೇ ಓದ್ರೆ ನಮ್ ಗಮನ ಬೋರ್ಡಿನ ಮ್ಯಾಲೆ ಇರಕ್ಕಿಲ್ಲ ಅಂತೀರಾ ಸಾರ್?"

ಹೆಡ್‌ಮೇಷ್ಟ್ರು ಕೊನೆಗೆ ಅವನಿಗೆ ಗೋಡೆಯ ಮೇಲಿದ್ದ ಪ್ರಪಂಚದ ಭೂಪಟ ಬಿಚ್ಚಿ ಕೊಟ್ಟರು. ಮುಂದೆ ಆಫ್ರಿಕಾ, ಹಿಂದೆ ಸಮುದ್ರ ಸುತ್ತಿಕೊಂಡು ಆ ಹುಡುಗ ಸಂತೆಬೀದಿಯಲ್ಲಿ ನಡೆದುಹೋದ.

ಮಾರನೇ ದಿನ ಪ್ರಾರ್ಥನೆಯಲ್ಲಿ ಹೊಸ ನಿಯಮ ಬಂತು. ತಟ್ಟಿ ಹತ್ತಬಾರದು ಎಂದಲ್ಲ. ಹುಡುಗಿಯರು ಇನ್ನುಮೇಲೆ ಒಂದು ಪಿನ್ನು ಹೆಚ್ಚಾಗಿ ತರಬೇಕು, ಹುಡುಗರಿಗೆ ಬೇಕಾದಾಗ ಇರಲಿ ಎಂದು.

ಆನೆ ದಾರಿ

ಜೀರಹಳ್ಳಿ ಕಡೆಯಿಂದ, ಕಾಡಿನ ಅಂಚಿನ ಹಾಡಿಯಿಂದ ಒಬ್ಬಳು ಬರುತ್ತಿದ್ದಳು. ಮಾತು ಕಡಿಮೆ. ಆಡಿದರೆ ಒಂದೇ, ಅದೂ ನೆಟ್ಟಗೆ. ಅವಳೂ ನಾವೂ ಬರುವ ದಾರಿಯ ಮೋರಿಕಟ್ಟೆ ಮೇಲೆ ನಾಲ್ಕು ಜನ ಹುಡುಗರು ದಿನಾ ಕೂತು, ಹೋಗುವವರಿಗೆಲ್ಲ ಒಂದೊಂದು ಅಡ್ಡಹೆಸರು ಇಟ್ಟು ಕೂಗುತ್ತಿದ್ದರು. ನನಗೆ ಇಟ್ಟದ್ದು ಇಲ್ಲಿ ಬರೆಯುವಂಥದ್ದಲ್ಲ. ಒಟ್ಟಾಗಿ ಹೋಗಿ ಹೆಡ್‌ಮೇಷ್ಟ್ರಿಗೆ ದೂರು ಕೊಟ್ಟೆವು.

"ಅವರು ಕೂತ್ರೆ ನೀವ್ಯಾಕೆ ಆ ದಾರೀಲಿ ಬರ್ತೀರಿ? ಕಾಡಂಚಿನ ದಾರಿ ಇಲ್ವ?" ಅಂದರು.

"ಆ ದಾರೀಲಿ ಆನೆ ಓಡಾಡ್ತದೆ ಸಾರ್" ಅಂದಳು ಹಾಡಿಯವಳು.

"ಆನೆ ಬಂದ್ರೆ ಏನ್ ಮಾಡ್ತೀರಿ? ಸುಮ್ನೆ ಪಕ್ಕಕ್ಕೆ ಸರಿದು ದಾರಿ ಬಿಡಲ್ವ? ಹುಡುಗರಿಗೂ ಹಂಗೇ ಬಿಡಿ. ಅದರಲ್ಲೇನಿದೆ?"

ಅವಳು ಸ್ವಲ್ಪ ಯೋಚನೆ ಮಾಡಿದಳು. "ಆನೆಗೆ ಬುಡ್ತೀವಿ ಸಾರ್. ಆನೇನ ಯಾರೂ ಇಸ್ಕೂಲಿಗೆ ಸೇರ್ಸಿಲ್ಲ."

ಹೆಡ್‌ಮೇಷ್ಟ್ರ ಮುಖ ಕೆಂಪಾಯಿತು. ಮೋರಿಕಟ್ಟೆಯವರನ್ನು ಕರೆಸಲಿಲ್ಲ. "ಎದುರು ಮಾತಾಡ್ತೀಯ? ನಡಿ ಆಚೆಗೆ" ಎಂದು ಬಾಗಿಲು ತೋರಿಸಿದರು.

ಅವಳು ಚೀಲ ಎತ್ತಿಕೊಂಡು ಬಾಗಿಲ ತನಕ ಹೋಗಿ, ತಿರುಗಿ ನಿಂತು, ಬಹಳ ಮರ್ಯಾದೆಯಿಂದ ಕೇಳಿದಳು.

"ಯಾವ ದಾರೀಲಿ ಓಗ್ಲಿ ಸಾರ್?"

ನನ್ನದು

ಇದು ಚಿಕ್ಕದು. ಹತ್ತನೇ ತರಗತಿ ಪಾಸಾದೆ. ಲೆಕ್ಕದಲ್ಲಿ ಎಪ್ಪತ್ತೊಂದು. ಹನ್ನೊಂದಕ್ಕೆ ಸೇರಲು ಅರ್ಜಿ ತರೋಣವೆಂದು ಅಪ್ಪನ ಜೊತೆ ಬಸ್ಸು ಹತ್ತಿದೆ. ಬಸ್ಸಿನಲ್ಲಿ ಯಾರೋ ಒಬ್ಬ ನನ್ನನ್ನೇ ನೋಡುತ್ತಿದ್ದನಂತೆ. ನಾನು ಕಿಟಕಿಯಾಚೆ ನೋಡುತ್ತಿದ್ದೆ, ನನಗೆ ಕಾಣಲಿಲ್ಲ. ಅಪ್ಪನಿಗೆ ಕಂಡಿತು. ಮುಂದಿನ ಸ್ಟಾಪಿನಲ್ಲಿ ಇಳಿದು ವಾಪಸು ಬಂದೆವು. ಕಾರ್ತೀಕದಲ್ಲಿ ನನ್ನ ಮದುವೆ.

ಆ ಮನುಷ್ಯ ಯಾರು, ಯಾವ ಊರವನು ಒಂದೂ ಗೊತ್ತಿಲ್ಲ. ನಿಜವಾಗಿ ನನ್ನನ್ನು ನೋಡಿದನೋ, ಇವಳ ಸೀಟು ಯಾವಾಗ ಖಾಲಿಯಾಗುತ್ತದೆ ಎಂದು ನೋಡಿದನೋ, ಅದೂ ಗೊತ್ತಿಲ್ಲ. ಸೀಟಂತೂ ಸಿಕ್ಕಿರಬೇಕು.

ಉಳುಕು

ಈಗ ನಾದಿನಿಯ ಚೀಲಕ್ಕೆ ಬರುತ್ತೇನೆ.

ಗೋಡೆಬರಹ ಆದ ಮೇಲೆ ಶಾಲೆಯಲ್ಲಿ ಹೆತ್ತವರ ಸಭೆ ಕರೆದರು. ಘಾಟಿ ಕೆಳಗಿಂದ ಒಬ್ಬರು ಅಧಿಕಾರಿ ಬಂದು ಬುದ್ಧಿ ಹೇಳುತ್ತಾರೆ ಎಂದು ಚೀಟಿ ಬಂತು. "ನಾನು ಯಾವ ಮುಖ ಇಟ್ಕಂಡು ಓಗ್ಲಿ" ಎಂದು ಮಾವ ಜಗುಲಿಯಿಂದ ಏಳಲಿಲ್ಲ. "ನನ್ ಮುಖ ಸಂದಾಗೇ ಅದೆ, ನಾನ್ ಓಯ್ತೀನಿ" ಎಂದು ಎದ್ದವಳು ಮಾವನ ಅವ್ವ, ನಮ್ಮ ಅಜ್ಜಿ. ಜೊತೆಗೆ ನಾನು.

ಅಜ್ಜಿಯ ವಿಷಯ ಎರಡು ಮಾತು ಹೇಳಬೇಕು. ಒಂದು, ಅವಳು ಹುಟ್ಟುವಾಗ ಕಾಲು ಮುಂದಾಗಿ ಹುಟ್ಟಿದವಳು. ಅಂಥವರು ಎಡಗಾಲಲ್ಲಿ ಮೂರು ಸಲ ಒದ್ದರೆ ಎಂಥ ಉಳುಕೂ ಬಿಟ್ಟುಹೋಗುತ್ತದೆ ಎಂದು ನಮ್ಮ ಕಡೆ ನಂಬಿಕೆ. ಸೊಂಟ ಹಿಡಿದವರು, ಕತ್ತು ಹಿಡಿದವರು ಪಣಕಹಳ್ಳಿಯಿಂದೆಲ್ಲ ಎಲೆ ಅಡಿಕೆ ಹಿಡಿದು ಒದೆಸಿಕೊಳ್ಳಲು ಬರುತ್ತಾರೆ. ಎರಡು, ಅಜ್ಜಿಗೆ ಸಂತೆಯ ತಮಿಳು ನೀರಿನಂತೆ ಬರುತ್ತದೆ, ಪುಸ್ತಕದ ತಮಿಳು ಒಂದಕ್ಷರ ಬರುವುದಿಲ್ಲ.

ಅಧಿಕಾರಿ ಮಾತಾಡಿದ್ದೆಲ್ಲ ಪುಸ್ತಕದ ತಮಿಳು. ತಮಿಳಿನಲ್ಲಿ ಒಳುಕ್ಕಂ ಅಂದರೆ ಒಳ್ಳೆಯ ನಡತೆ. ಹೆಣ್ಣುಮಕ್ಕಳ ಒಳುಕ್ಕಂ, ಮನೆತನದ ಒಳುಕ್ಕಂ, ದಾವಣಿಯ ಒಳುಕ್ಕಂ ಎಂದು ಅರ್ಧ ಗಂಟೆ ಆಯಿತು. ಅಜ್ಜಿ ನನ್ನ ಪಕ್ಕೆ ತಿವಿದಳು.

"ಅವಾಗ್ಲಿಂದ ಉಳುಕು ಉಳುಕು ಅಂತಾವ್ನಲ್ಲ, ಯಾರ್ಗವ್ವ ಉಳುಕಿರದು?"

ನಾನು ಮೆಲ್ಲಗೆ ಹೇಳಿದೆ. "ಗಂಡೈಕಳು ಎಣ್ಣೈಕಳ ಕಡೀಕೆ ತಿರುಗಿ ತಿರುಗಿ ನೋಡ್ತಾರಂತೆ ಅಜ್ಜಿ. ಅದ್ಕೆ ಎಣ್ಣೈಕಳು ಸರಿಯಾಗಿರ್ಬೇಕಂತೆ."

ಅಜ್ಜಿ ಸೆರಗು ಸಿಕ್ಕಿಸಿಕೊಂಡು ಎದ್ದು ನಿಂತಳು. ಸಭೆಯೆಲ್ಲ ತಿರುಗಿತು.

"ಸಾಮಿ, ಇಲ್ ಕೇಳಿ. ತಿರುಗಿ ತಿರುಗಿ ನೋಡಿ ಕತ್ತು ಉಳುಕಿರದು ಗಂಡೈಕಳ್ಗೆ. ಎಣ್ಣೆ ತಿಕ್ಕದು ಎಣ್ಣೈಕಳ್ಗಾ? ನಾ ಎಲ್ಲೂ ಕಂಡಿಲ್ಲ ಇಂಥ ವೈದ್ಯನ. ಯಾರ್ಯಾರ್ಗೆ ಉಳುಕದೋ ನಮ್ಮನೇತಕ್ಕೆ ಕಳ್ಸಿ. ಎಡಗಾಲಲ್ಲಿ ಮೂರು ಸಲ ಒದೀತೀನಿ. ಆಮೇಕೆ ನೋಡಿ, ಕತ್ತು ಎಂಗೆ ಬೋರ್ಡಿನ ಕಡೀಕೇ ನಿಂತ್ಕತದೆ ಅಂತ."

ಹೆಂಗಸರೆಲ್ಲ ಸೆರಗು ಬಾಯಿಗೆ ಒತ್ತಿಕೊಂಡರು. ಅಧಿಕಾರಿಗೆ ನಮ್ಮ ಮಾತು ತಿಳಿಯದು. ಅಜ್ಜಿ ಏನು ಹೇಳಿದರು ಎಂದು ಹೆಡ್‌ಮೇಷ್ಟ್ರನ್ನು ಕೇಳಿದರು. ಹೆಡ್‌ಮೇಷ್ಟ್ರಿಗೆ ಬೆವರು ಕಿತ್ತುಕೊಂಡಿತು. ಅಧಿಕಾರಿಯ ಮುಂದೆ ಒದೆಯುವ ಮಾತು ಹೇಗೆ ಆಡುವುದು? ತಮಿಳಿನಲ್ಲಿ ಅಳೆದು ಸುರಿದು ಹೇಳಿದರು: "ಒಳುಕ್ಕಂ ಸರಿಪಡಿಸಬೇಕಾದ್ದು ಹುಡುಗರದಂತೆ. ಆ ಜವಾಬ್ದಾರಿ ಈ ಅಜ್ಜಿಯೇ ತಗೋತಾರಂತೆ."

ಅಧಿಕಾರಿ ತಲೆಯಾಡಿಸಿದರು. "ನಲ್ಲ ಯೋಸನೈ" ಅಂದರೆ ಒಳ್ಳೆಯ ಯೋಚನೆ ಎಂದು ಪುಸ್ತಕದಲ್ಲಿ ಬರೆದುಕೊಂಡರು. ಹತ್ತು ವರ್ಷದಲ್ಲಿ ಆ ಹೆಡ್‌ಮೇಷ್ಟ್ರು ಆಡಿದ ಒಂದೇ ಒಂದು ಸರಿಯಾದ ಮಾತು ಅದು, ಅದೂ ಹೆದರಿಕೆಯಲ್ಲಿ ಬಾಯಿತಪ್ಪಿ ಬಂದದ್ದು.

ಅಧಿಕಾರಿಯೇ ಒಪ್ಪಿದ ಮೇಲೆ ಕೇಳಬೇಕೇ? ಮಾರನೇ ದಿನ ಸಂಜೆ ಮೂವರು ತಾಯಂದಿರು ಮೂವರು ಹುಡುಗರ ಕಿವಿ ಹಿಡಿದುಕೊಂಡು ನಮ್ಮ ಜಗುಲಿಗೆ ಬಂದರು. "ನಮ್ಮವ್ನಿಗೂ ಒಂದು ಒದ್ಬುಡಿ ಅಜ್ಜಿ, ದೇವರಂಥ ಕಾಲು ನಿಮ್ದು" ಅಂದರು. ಮೊದಲ ಇಬ್ಬರಿಗೆ ಅಜ್ಜಿ ಎಲೆ ಅಡಿಕೆ ಜಗಿಯುತ್ತಲೇ ಮೂರು ಮೂರು ಒದ್ದಳು. ಮೂರನೆಯವನು ಸರದಿ ಬರುವ ಮುಂಚೆಯೇ ಅಳಲು ಶುರುಮಾಡಿದ.

"ಬ್ಯಾಡ ಅಜ್ಜಿ. ಗ್ವಾಡೆ ಮ್ಯಾಲೆ ಬರ್ದೋನು ನಾನೇ. ಅಳಿಸ್ಬುಡ್ತೀನಿ."

"ಅಳಿಸಾಕೆ ಮುಂಚೆ ತಲೆ ಬಗ್ಗಿಸ್ಲಾ" ಅಂದಳು ಅಜ್ಜಿ. ಅವನಿಗೆ ಆರು.

ಮಾವ ಜಗುಲಿಯ ಆ ಕೊನೆಯಲ್ಲಿ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದರು. ಎದ್ದರು. ನಾವು ಎಲ್ಲಿ ಹುಡುಗನಿಗೆ ಹೊಡೆಯುತ್ತಾರೋ ಎಂದು ನೋಡಿದರೆ, ಕೊಟ್ಟಿಗೆಗೆ ಹೋಗಿ ಏಣಿ ತಂದರು. ಅಟ್ಟ ಹತ್ತಿ, ಮೈತುಂಬ ಧೂಳು ಮಾಡಿಕೊಂಡು ಚೀಲ ಇಳಿಸಿ, ಮಗಳ ಮುಂದಿಟ್ಟು, ಕೈ ತೊಳೆಯಲು ಹೋದರು. ಅಜ್ಜಿ ಹಿಂದಿನಿಂದ ಕೂಗಿ ಕೇಳಿದಳು, "ಲೇ ಮಗಾ, ನಿನ್ ಕತ್ತು ಎಂಗದೆ? ನೋಡ್ಬುಡ್ಲಾ ಒಂಚೂರು?"

ಅವತ್ತಿನ ರೊಟ್ಟಿಗೆ ಉಪ್ಪು ಸರಿಯಾಗಿತ್ತು.

ಇಲ್ಲಿಗೆ ಮುಗಿಸಬೇಕೆಂದಿದ್ದೆ. ಅಷ್ಟರಲ್ಲಿ ಮಗಳು ಶಾಲೆಯಿಂದ ಬಂದು, ಮತ್ತೆ ಅಡ್ಡಬಂದು, ಬಿಚ್ಚಿಹೋದ ಕಪ್ಪು ರಿಬ್ಬನ್ ನನ್ನ ತೊಡೆಯ ಮೇಲೆ ಹಾಕಿ ಬೆನ್ನು ತಿರುಗಿಸಿ ಕೂತಳು. ನಾನು ಜಡೆ ಕಟ್ಟುತ್ತಿದ್ದೆ. ಅಜ್ಜಿ ಒದೆಯುವುದನ್ನು ಅವತ್ತು ಬಾಗಿಲ ಸಂದಿಯಿಂದ ಪೂರ್ತಿ ನೋಡಿದವಳು ಅವಳು. ಅದನ್ನೇ ಇನ್ನೂ ತಲೆಯಲ್ಲಿ ಇಟ್ಟುಕೊಂಡಿದ್ದಾಳೆಂದು ನನಗೆ ಗೊತ್ತಿರಲಿಲ್ಲ.

"ಅವ್ವ."

"ಏನವ್ವ?"

"ನಿನ್ನ ಇಸ್ಕೂಲು ಬುಡ್ಸುದ್ರಲ್ಲ, ಅವಾಗ ಯಾರ್ ಕತ್ತು ಉಳುಕಿತ್ತು?"