ಬಿಚ್ಚಲಾಗದ ಮುಪ್ಪು

ಬೆನ್ನ ಹಿಂದಿನ ಬಕಲ್ ಸಿಕ್ಕಿಹಾಕಿಕೊಂಡಿದ್ದಾಗಲೇ ಮೇಡಂ ಅವನ ಕಿವಿಯ ಹತ್ತಿರ ಬಂದು ಕೂಗಿದರು: "ನಿನ್ನ ಹೆಂಡ್ತಿಗೆ ನೋವು ಶುರುವಾಗಿದೆಯಂತೆ! ನಿಮ್ಮತ್ತೆ ಹೆರಿಗೆ ವಿಭಾಗಕ್ಕೆ ಕರ್ಕೊಂಡು ಬಂದಿದಾರೆ!"

ಆಸ್ಪತ್ರೆಯವರೆಲ್ಲ ಬ್ರದರ್ ಎಂದು ಕರೆಯುತ್ತಿದ್ದ ಆ ನರ್ಸ್ ಆಗ ಮುದುಕನಾಗಿದ್ದ. ವಯಸ್ಸಾದವರು ಆಸ್ಪತ್ರೆಯಲ್ಲಿ ಓಡಾಡಲು ಪಡುವ ಪಾಡಿನ ಬಗ್ಗೆ ಈ ಮೇಡಂ ಮಾರ್ಗದರ್ಶನದಲ್ಲಿ ಅವನ ಸಂಶೋಧನೆ. ಅದಕ್ಕಾಗಿಯೇ ತರಿಸಿದ, ಮುಪ್ಪಿನ ಅನುಭವ ಕೊಡುವ ಉಡುಪು ಮೈಮೇಲಿತ್ತು. ಮರಳು ತುಂಬಿದ ಜಾಕೆಟ್, ಮಂಡಿ ಮಡಚಲು ಬಿಡದ ಪಟ್ಟಿ, ಗದ್ದವನ್ನು ಎದೆಗೊತ್ತುವ ಕಾಲರ್, ಲೋಕವನ್ನೇ ಗಂಜಿಯಂತೆ ಕಾಣಿಸುವ ಕನ್ನಡಕ, ಕಿವಿಗೆ ಮುಚ್ಚಳ, ಬಾಯಿಗೆ ಮಾಸ್ಕ್. ಎಲ್ಲಕ್ಕೂ ಸೇರಿ ಬೆನ್ನ ಹಿಂದೆ ಒಂದೇ ಬಕಲ್. ಅದೀಗ ಜಪ್ಪಯ್ಯ ಅಂದರೂ ಬಿಡುತ್ತಿರಲಿಲ್ಲ.

"ತಡಿ, ಸ್ಟೋರಿಂದ ಕತ್ತರಿ ತರ್ತೀನಿ" ಎಂದು ಮೇಡಂ ಓಡಿದರು. ಅವನಿಗೆ ತಡೆಯಲಾಗಲಿಲ್ಲ. ಹೊರಟೇಬಿಟ್ಟ.

ಹೆರಿಗೆ ವಿಭಾಗ ರಸ್ತೆಯಾಚೆಯ ಕಟ್ಟಡದಲ್ಲಿತ್ತು. ಟ್ರಾಫಿಕ್ ಪೊಲೀಸ್ ವಾಹನಗಳನ್ನೆಲ್ಲ ನಿಲ್ಲಿಸಿ, ಕೈಹಿಡಿದು ದಾಟಿಸಿದ. ಆಚೆ ಹಣ್ಣಿನಂಗಡಿಯವನು, "ಅಯ್ಯೋ ಪಾಪ, ಅಜ್ಜ ದಾರಿ ತಪ್ಪಿದಾರೆ" ಎಂದು ಅಷ್ಟೇ ಪ್ರೀತಿಯಿಂದ ಮತ್ತೆ ಈಚೆಗೆ ತಂದು ಬಿಟ್ಟ. ಬೇಡವೆಂದು ಕೈ ಆಡಿಸಿದರೆ ಟಾಟಾ ಮಾಡುತ್ತಿದ್ದಾರೆಂದುಕೊಂಡು ಅಂಗಡಿಯವನೂ ಟಾಟಾ ಮಾಡಿದ.

ಅಂತೂ ಇಂತೂ ಹೆರಿಗೆ ವಿಭಾಗ ಮುಟ್ಟಿದಾಗ ಬಾಗಿಲಲ್ಲಿ ಸಿಸ್ಟರ್ ತಡೆದರು.

"ತಾತಾ, ವಯಸ್ಸಾದವರ ವಿಭಾಗ ಎದುರಿಗಿದೆ!"

"ನಾನು ಅಪ್ಪ!" ಮಾಸ್ಕಿನೊಳಗಿಂದ ಒರಲಿದ.

"ಯಾರಪ್ಪ?"

"ಮಗುವಿನ ಅಪ್ಪ!"

ಸಿಸ್ಟರ್ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಈ ವಯಸ್ಸಲ್ಲಾ?" ಎಂದು ತೋಳು ಹಿಡಿದು ಬೆಂಚಿನ ಮೇಲೆ ಕೂರಿಸಿದರು. ಪಕ್ಕದಲ್ಲೇ ಅವನ ಅತ್ತೆ ಕೂತಿದ್ದರು.

"ಅತ್ತೆ..." ಎಂದ. ಗೊರಗೊರ ಸದ್ದಷ್ಟೇ ಬಂತು.

"ಆಯಾಸ ಮಾಡ್ಕೋಬೇಡಿ ಯಜಮಾನ್ರೇ!" ಅತ್ತೆ ಇಡೀ ಕಾರಿಡಾರಿಗೆ ಕೇಳುವಂತೆ ಕಿರುಚಿದರು. "ನನ್ನ ಮಗಳು ಒಳಗಿದಾಳೆ. ಅಳಿಯಂದ್ರು ಮಾತ್ರ ನಾಪತ್ತೆ! ಊರಿನ ಅಜ್ಜ ಅಜ್ಜಿಯರನ್ನೆಲ್ಲ ಮಂಡಿ ನೋವಾ, ನಿದ್ದೆ ಬರುತ್ತಾ ಅಂತ ಕೇಳ್ತಾರೆ. ಮನೇಲಿ ನಾನು ಮಂಡಿ ಹಿಡ್ಕೊಂಡು ಕೂತಿದ್ರೆ, ಕಾಲು ಮಡಚಿ, ದಾರಿ ಬಿಡಿ ಅಂತಾರೆ!"

ಏಳಲು ನೋಡಿದ. ಮರಳು ಬಿಡಲಿಲ್ಲ. ನಾನೇ ಎಂದು ಹೇಳಿಬಿಡಲು ಈಗ ಬಾಯಿಯೂ ಬರಲಿಲ್ಲ.

"ಬಸುರಿ ಬಗ್ಗೋಕಾಗದೆ ಒದ್ದಾಡ್ತಿದ್ರೆ ಬಿದ್ದ ಟವೆಲ್ ಎತ್ತಿಕೊಡಲ್ಲ. ವ್ಯಾಯಾಮ ಒಳ್ಳೇದು ಅಂತಾರೆ!"

"ಅಂಥೋರಿಗೆ ಎರಡು ಬಿಗೀಬೇಕಮ್ಮಾ" ಎಂದಳು ನೆಲ ಒರೆಸುತ್ತಿದ್ದವಳು. ಕಾಲರ್ ಅವನ ತಲೆಯನ್ನು ಕೆಳಗೆ ಜಗ್ಗಿತು.

"ನೋಡು, ಯಜಮಾನ್ರೂ ಹೌದು ಅಂತಿದಾರೆ!"

ಗೊರಕೆ, ಕುಡಿದು ಅಲ್ಲೇ ಬಿಟ್ಟ ಕಾಫಿ ಲೋಟ, ಮರೆತ ಹುಟ್ಟುಹಬ್ಬ ಒಂದೊಂದಾಗಿ ಹೊರಬಂದವು. ಕಾರಿಡಾರಿನವರು ಹತ್ತಿರ ಸರಿದು ಕೂತರು. ಅವನು ಮರಳಿನೊಳಗೆ ಬೇಯುತ್ತಿದ್ದ. ಅಷ್ಟರಲ್ಲಿ ಬಾಗಿಲು ತೆರೆಯಿತು.

"ಹೆಣ್ಣು ಮಗು! ತಾಯಿ ಚೆನ್ನಾಗಿದಾರೆ. ಅಪ್ಪ ಎಲ್ಲಿ?"

ಆ ಹೊತ್ತಿಗೇ ಮೇಡಂ ಏದುಸಿರು ಬಿಡುತ್ತ ಬಂದು ಬಕಲ್ಲಿನ ಪಟ್ಟಿಯನ್ನು ಕತ್ತರಿಸಿದರು. ಮುಪ್ಪು ದೊಪ್ಪನೆ ನೆಲಕ್ಕೆ ಬಿತ್ತು. ಬೆವರಲ್ಲಿ ತೊಯ್ದ ಅಳಿಯ ಎದ್ದು ನಿಂತ.

ಪಾಪ, ಅತ್ತೆಗೆ ಎಷ್ಟು ಮುಜುಗರವಾಗಿರಬೇಕು ಎಂದುಕೊಂಡು ಅವನು ದೊಡ್ಡ ಮನಸ್ಸು ಮಾಡಿದ. "ಪರವಾಗಿಲ್ಲ ಬಿಡಿ ಅತ್ತೆ. ನಾನು ಅಂತ ನಿಮಗೇನು ಗೊತ್ತಿತ್ತು?"

"ಗೊತ್ತಿಲ್ದೆ ಏನು ಅಳಿಯಂದ್ರೇ?" ಅತ್ತೆ ಸೆರಗು ಸರಿಮಾಡಿಕೊಂಡರು. "ಕಾಲಲ್ಲಿರೋ ಚಪ್ಪಲಿ ನಾನೇ ಕೊಡಿಸಿದ್ದು. ಮದುವೆ ಆದಾಗಿಂದ ನಾನು ಬಾಯಿ ತೆಗೆದ್ರೆ ಸಾಕು, ನೀವು ಎದ್ದು ಹೋಗ್ತಿದ್ರಿ. ಇವತ್ತು ಏಳೋಕೆ ಆಗ್ತಿರಲಿಲ್ಲ ನೋಡಿ!"

ಅಷ್ಟು ಹೇಳಿ ಮೊಮ್ಮಗಳನ್ನು ನೋಡಲು ಒಳಗೆ ನಡೆದರು. ಅವನೂ ಹಿಂದೆಯೇ ನುಗ್ಗಿದ. ಸಿಸ್ಟರ್ ಬಾಗಿಲಿಗೆ ಕೈ ಅಡ್ಡ ಹಿಡಿದರು.

"ಸದ್ಯಕ್ಕೆ ಒಬ್ರೇ. ನೀವು ಕೂತಿರಿ. ಅಜ್ಜಿ ಬಂದ್ಮೇಲೆ ಕಳಿಸ್ತೀನಿ."