ಬಂದೂಕಿನ ಪೆಟ್ಟಿಗಿ ತೊಟ್ಟಿಲಾದದ್ದು

ನಾನು ಅಜ್ಜ ಆದೆ! ಮೊಮ್ಮಗಳು ಹುಟ್ಟ್ಯಾಳ! ಮಗಳು ಗಂಗವ್ವ ನಮ್ಮ ಮನಿಯಾಗ ಸುಖವಾಗಿ ಹಡದಾಳ. ಕೂಸಿನ ಮೂಗು ಥೇಟ್ ನನ್ನದು, ಪಾಪ. ಖುಷಿ ಸುದ್ದಿ ಮುಗೀತು. ಇನ್ನ ನನ್ನ ಮಾನ ಹೋದ ಸುದ್ದಿ.

ನನ್ನ ಹತ್ತರ ಒಂದು ಬಂದೂಕ ಐತಿ. ಐತಿ ಅನ್ನಬಾರದು, ಇತ್ತು. ಗುಡ್ಡದ ಹಂದಿ ಇಳದು ಶೇಂಗಾ ಹೊಲ ಕೆದರತಾವಂತ, ಸಂಸ್ಥಾನದ ಕಾಲದಾಗ ಪರವಾನಿಗಿ ಮಾಡಿಸಿ ಗದಗಿನಿಂದ ತಂದಿದ್ದೆ. ನನ್ನ ಗುಂಡಿಗೆ ಒಂದು ಹಂದೀನೂ ಬಿದ್ದಿಲ್ಲ, ಆದರ ಸಪ್ಪಳಕ್ಕ ಓಡತಿದ್ದವು. ಹಂಗಾಗಿ ನಮ್ಮ ಶೇಂಗಾ ಮನಿ ಮುಟ್ಟತಿತ್ತು.

ಬಂದೂಕ ಬಂದ ಪೆಟ್ಟಿಗಿ ಸಾಗವಾನಿದು. ಒಳಗ ಕೆಂಪು ಅರಿವಿ, ಮುಚ್ಚಳದ ಒಳಗ ಬಂದೂಕಿನ ನಂಬರ ಬರದು ಅಂಟಿಸಿದ ಇಂಗ್ಲೀಷಿನ ಚೀಟಿ. ನನ್ನ ಹೆಂಡತಿ ಈರವ್ವ ಅದರ ಮ್ಯಾಲೆ ಕಣ್ಣಿಟ್ಟಿದ್ಲು.

"ಬಂದೂಕ ಗ್ವಾಡಿಗೆ ಜೋತು ಬಿದ್ದೈತಿ, ಖಾಲಿ ಪೆಟ್ಟಿಗಿ ಯಾಕ್ರಿ? ಮೆಣಸಿನಕಾಯಿ ತುಂಬತೀನಿ, ಕೊಡ್ರಿ."

"ಏ, ಪೆಟ್ಟಿಗಿ ಇದ್ರನ ಬಂದೂಕಿಗೆ ಮರ್ಯಾದಿ. ನಿನಗ ತಿಳಿಯಂಗಿಲ್ಲ ಸುಮ್ನಿರು."

ಹಿಂಗ ಹತ್ತು ವರ್ಷ ಪೆಟ್ಟಿಗಿ ಕಾಯ್ದವ, ಮೊಮ್ಮಗಳು ಹುಟ್ಟಿದ ದಿನ ಹಿಗ್ಗಿನಾಗ ಅದನ್ನ ಬಡಿಗ್ಯಾರ ಮೋನಪ್ಪನ ಕೈಯಾಗ ಕೊಟ್ಟುಬಿಟ್ಟೆ! ತೊಟ್ಟಿಲ ಕೊಡೋದು ತಾಯಿಯ ತವರವರ ಪಾಲು. ಸಾಗವಾನಿ ತೊಟ್ಟಿಲ ಅಂದ್ರ ಬೀಗರ ಮುಂದ ನನ್ನ ಮೀಸಿ ಎಷ್ಟು ಮ್ಯಾಲೆ ಏರಬೇಕು! ಮೋನಪ್ಪ ಕೊಯ್ದ, ಜೋಡಿಸಿದ. ಮುಚ್ಚಳ ಚೀಟಿ ಸಮೇತ ತೊಟ್ಟಿಲದ ತಳ ಆತು.

ಹೆಸರಿಡೋ ದಿನ ಮುಂಜಾನೆ ಓಲೇಕಾರ ಬಂದ. ಸಂಸ್ಥಾನ ಹೋಗಿ ಮುಂಬೈ ಸರಕಾರ ಬಂದೈತಿ, ಹಳೇ ಪರವಾನಿಗಿಯವರು ಇವತ್ತ ಶಿರಹಟ್ಟಿ ಕಚೇರಿಗೆ ಬಂದೂಕ ತಂದು ನಂಬರ ತೋರಿಸಬೇಕು, ಇಲ್ಲಂದ್ರ ಬಂದೂಕ ಜಪ್ತಿ!

ಬಂದೂಕ ಇಳಿಸಿ ನೋಡಿದೆ. ಕನ್ನಡಿ ಹಂಗ ಹೊಳೀತಿತ್ತು. ನಂಬರ ಇರಲಿಲ್ಲ! ವರ್ಷಾ ದಸರಾದ ಖಂಡೇಪೂಜಿಗೆ ಹುಣಚಿಹಣ್ಣು, ಇಟ್ಟಂಗಿ ಪುಡಿ ಹಾಕಿ ತಿಕ್ಕಿ ತಿಕ್ಕಿ ನಂಬರ ಅಳಿಸಿದ ಮಹಾಭಕ್ತ ನಾನ. ಇನ್ನ ಉಳದದ್ದು ಪೆಟ್ಟಿಗಿ ಚೀಟಿ ಒಂದ. ಕೀಳಾಕ ಹೋದ್ರ ಹರಿಯಾಕತ್ತಿತು.

"ತೊಟ್ಟಿಲಾನ ಒಯ್ಯತೀನಿ," ಅಂದೆ.

ಈರವ್ವ ಬಾಗಿಲಿಗೆ ಅಡ್ಡ ನಿಂತ್ಲು. "ಖಾಲಿ ತೊಟ್ಟಿಲ ಹೊಸ್ತಿಲ ದಾಟಬಾರದ್ರಿ! ನಿಮಗ ಏನರ ತಿಳಿತೈತೇನು?"

ಕೂಸಿಗಿಂತ ಮೊದಲ ತೊಟ್ಟಿಲಕ್ಕ ಗುಂಡಕಲ್ಲು ಹಾಕೋದು ನಮ್ಮ ಪದ್ಧತಿ. ಈರವ್ವ ಆ ಕಲ್ಲಿಗೆ ಕೂಸಿನ ಕುಂಚಿಗಿ ಕಟ್ಟಿ ತೊಟ್ಟಿಲದಾಗ ಮಲಗಿಸಿ, ನನ್ನನ್ನ ಚಕ್ಕಡಿ ಹತ್ತಿಸಿದ್ಲು.

ಕಚೇರಿಯಾಗ ಮಾಮಲೇದಾರ ಸಾಹೇಬರು ಬಂದೂಕ ನೋಡಿದ್ರು. ತೊಟ್ಟಿಲ ನೋಡಿದ್ರು. ಕುಂಚಿಗಿ ಹಾಕ್ಕೊಂಡ ಕಲ್ಲು ನೋಡಿದ್ರು.

"ಇವರು ಯಾರ್ರಿ?"

"ಗುಂಡಪ್ಪ ಅಂತ ಕರೀತೀವ್ರೀ ಸಾಹೇಬ್ರ. ನಂಬರ ಇವನ ಬೆನ್ನ ಕೆಳಗ ಐತ್ರಿ."

ಕಲ್ಲು ಎತ್ತಿದೆ. ದಾರಿ ತುಂಬ ಚಕ್ಕಡಿ ಕುಲುಕಿ, ಗುಂಡಪ್ಪ ಚೀಟಿನ ಅರದು ಹಿಟ್ಟು ಮಾಡಿದ್ದ!

ಕಚೇರಿ ಮಂದಿ ಬಿದ್ದು ಬಿದ್ದು ನಕ್ರು. ಸಾಹೇಬರು ನಗು ತಡಕೊಂಡು, "ಅಜ್ಜಾರ, ಬಂದೂಕ ಇಲ್ಲೇ ಜಮಾ ಆಗಬೇಕ್ರಿ. ಇದರ ಪೆಟ್ಟಿಗಿ ಇದ್ರ ಕೊಡ್ರಿ, ಅದರಾಗ ಇಟ್ಟು ಸೀಲ್ ಮಾಡತೀವಿ," ಅಂದ್ರು.

ನಾನು ತೊಟ್ಟಿಲಕ್ಕ ಕೈ ಮಾಡಿ ತೋರಿಸಿದೆ.

ಕಡೀಕ ನನ್ನ ರುಮಾಲನ ಬಿಚ್ಚಿಸಿ ಬಂದೂಕಕ್ಕ ಸುತ್ತಿದ್ರು. ನಾಚಿಕಿಗೆ ಗುಂಡಪ್ಪನ್ನ ಅಲ್ಲೇ ಮರತು ಚಕ್ಕಡಿ ಹತ್ತಿದೆ.

ಊರ ಬಾಗಿಲದಾಗ ಪಕ್ಕದ ಮನಿ ನಾಗವ್ವ ನನ್ನ ನೋಡಿದ್ಲು. ಬರೇ ತಲಿ. ಜೋಲು ಮಾರಿ. ಖಾಲಿ ತೊಟ್ಟಿಲ. "ಅಯ್ಯೋ ನನ್ನವ್ವಾ, ಕೂಸು ಹೋತಲ್ಲೋ!" ಅಂತ ಬಾಯಿ ಬಡಕೊಂಡ್ಲು. ಓಣಿ ಹೆಂಗಸರೆಲ್ಲ ದನಿ ಕೂಡಿಸಿದ್ರು. "ಏನೂ ಆಗಿಲ್ಲ ಬೇ!" ಅಂತ ನಾನು ಒದರಿದ್ದು ಆ ಅಳುವಿನಾಗ ಯಾರಿಗೆ ಕೇಳಬೇಕು? ಮೆರವಣಿಗಿ ನಮ್ಮ ಮನಿ ಮುಟ್ಟಿತು. ಆಗಷ್ಟ ಬಂದು ಕಾಲು ತೊಳಕೊಳ್ಳಾಕತ್ತಿದ್ದ ಬೀಗತಿ ಕೈಯಾಗಿನ ತಂಬಿಗಿ ಬಿಟ್ಟು ಅಲ್ಲೇ ಕುಸದು ಕುಂತ್ಲು.

ಗಂಗವ್ವ ಕೂಸಿನ್ನ ಎತ್ತಿಕೊಂಡು ಹೊರಗ ಬಂದ್ಲು. "ಯಾಕ ಅಳಾಕತ್ತೀರಿ ಎಲ್ಲಾರೂ?"

ಕೂಸು ಎಲ್ಲಾರಿಗಿಂತ ಜೋರಾಗಿ ಅಳಾಕತ್ತಿತು. ಆಗ ಊರು ಸುಮ್ಮನಾತು. ಸುಮ್ಮನಾಗಿ ನನ್ನ ಕಡೆ ತಿರುಗಿತು. ನಡದದ್ದೆಲ್ಲ ನನ್ನ ಬಾಯಿಂದನ ಹೇಳಬೇಕಾತು. ಭೂಮಿ ಬಾಯಿ ಬಿಡಲಿಲ್ಲ.

ನಾಗವ್ವನ ಮನಿ ಗುಂಡಕಲ್ಲು ತಂದು ತೊಟ್ಟಿಲಕ್ಕ ಹಾಕಿ, ಮೊಮ್ಮಗಳಿಗೆ ಹೆಸರಿಟ್ವಿ. ಸಂಜಿಗೆ ಬೀಗರು, ಮಕ್ಕಳು, ಎಲ್ಲಾರೂ ಒಂದ ಸಾಲಿನಾಗ ಉಣ್ಣಾಕ ಕುಂತ್ವಿ.

ಈರವ್ವ ತುಪ್ಪ ಹಾಕಕೋತ ಕೇಳಿದ್ಲು, "ಇನ್ನ ಹಂದಿ ಬಂದ್ರ ಏನ ಮಾಡತೀರಿ?"

"ಡಬ್ಬಿ ಬಡೀತೀನಿ."

"ಡಬ್ಬಿ ಬ್ಯಾಡ್ರಿ. ಬದುವಿನ ಮ್ಯಾಲೆ ಕುಂತು ಇವತ್ತಿನ ಸುದ್ದಿ ಹೇಳ್ರಿ. ನಕ್ಕು ನಕ್ಕು ಹೊಟ್ಟಿ ಹಿಡಕೊಂಡು ಗುಡ್ಡಕ್ಕ ಓಡತಾವ!"

ನಗೂವಾಗ ಬೀಗರಿಗೆ ತುತ್ತು ನೆತ್ತಿಗೆ ಹತ್ತಿತು. ಉಂಡು ಮುಗಿಯೋತನಕ ನಾನು ಗಂಗಾಳದಿಂದ ಮಾರಿ ಎತ್ತಲಿಲ್ಲ. ಹೋಳಿಗಿ ಮಾತ್ರ ನಾಕು ಹಾಕಿಸಿಕೊಂಡೆ!